ಓದುಗರ ಪ್ರಶ್ನೆ, ನಮ್ಮ ಉತ್ತರ: ಟ್ಯಾಂಕಿನ ಎತ್ತರ, ಪೆಟ್ರೋಲಿನ ಒತ್ತಡ

ಈ ತಿಂಗಳು ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆಯಿಂದ ಬಂದ ಹಲವು ಪತ್ರಗಳ ವಿಷಯ ಒಂದೇ: ಸ್ವಂತವಾಗಿ ಕಟ್ಟುವ ಸಣ್ಣ ವಿಮಾನದಲ್ಲಿ ಟ್ಯಾಂಕಿನಿಂದ ಎಂಜಿನ್‌ಗೆ ಪೆಟ್ರೋಲ್ ಎಷ್ಟು ಒತ್ತಡದಲ್ಲಿ ಇಳಿಯುತ್ತದೆ, ಎಷ್ಟು ಇಳಿದರೆ ಸಾಕು. ಹಾಗಾಗಿ ಈ ಸಂಚಿಕೆಯ ಪುಟಗಳನ್ನು ಅದಕ್ಕೇ ಮೀಸಲಿಟ್ಟಿದ್ದೇವೆ. ಲೆಕ್ಕಗಳಲ್ಲಿ ಪೆಟ್ರೋಲಿನ ತೂಕ ಲೀಟರಿಗೆ 0.72 ಕೆ.ಜಿ. ಎಂದು ಹಿಡಿದಿದ್ದೇವೆ; ವಿಮಾನದ ಪೆಟ್ರೋಲ್ ಸುಮಾರು ಅಷ್ಟೇ ತೂಗುತ್ತದೆ. ಬಂಕಿನ ಪೆಟ್ರೋಲ್ 0.75ರ ಹತ್ತಿರ ಇರುವುದರಿಂದ ಒತ್ತಡ ಶೇ 4ರಷ್ಟು ಹೆಚ್ಚು ಬರಬಹುದು. ಈ ಕೆಲಸಕ್ಕೆ ಅದು ಲೆಕ್ಕಕ್ಕಿಲ್ಲ.

ಪ್ರಶ್ನೆ: ನಾವು ಕಟ್ಟುತ್ತಿರುವುದು ರೆಕ್ಕೆ ಮೇಲಿರುವ, ಎರಡು ಸೀಟಿನ ವಿಮಾನ. ನಕ್ಷೆಯಲ್ಲಿ ಒಂದೊಂದು ರೆಕ್ಕೆಗೆ 30 ಲೀಟರ್ ಟ್ಯಾಂಕ್ ಇದೆ. 45 ಲೀಟರಿನದು ಹಾಕಿದರೆ ಒತ್ತಡ ಹೆಚ್ಚಾಗಿ ಕಾರ್ಬುರೇಟರ್ ಓವರ್‌ಫ್ಲೋ ಆಗುತ್ತದೆ ಎಂದು ಗೆಳೆಯರೊಬ್ಬರು ಹೇಳುತ್ತಾರೆ. ನಿಜವೇ?
— ಓದುಗರು, ಗೋಕುಲ ರಸ್ತೆ, ಹುಬ್ಬಳ್ಳಿ

ನಿಜವಲ್ಲ. ಟ್ಯಾಂಕಿನಲ್ಲಿ ಎಷ್ಟು ಲೀಟರ್ ಇದೆ ಎಂಬುದಕ್ಕೂ ಕಾರ್ಬುರೇಟರಿನ ಬಾಯಲ್ಲಿ ಬರುವ ಒತ್ತಡಕ್ಕೂ ಸಂಬಂಧವಿಲ್ಲ. ಮಾಳಿಗೆ ಮೇಲೆ 500 ಲೀಟರಿನ ನೀರಿನ ಟ್ಯಾಂಕ್ ಇರಲಿ, 1000 ಲೀಟರಿನದೇ ಇರಲಿ, ನೀರಿನ ಮಟ್ಟ ಒಂದೇ ಎತ್ತರದಲ್ಲಿದ್ದರೆ ಕೆಳಗಿನ ನಲ್ಲಿಯಲ್ಲಿ ಒತ್ತಡವೂ ಒಂದೇ. ಇಲ್ಲೂ ಹಾಗೆಯೇ: ಟ್ಯಾಂಕಿನೊಳಗಿನ ಪೆಟ್ರೋಲಿನ ಮೇಲ್ಮಟ್ಟದಿಂದ ಕಾರ್ಬುರೇಟರಿನ ಇನ್‌ಲೆಟ್‌ವರೆಗೆ ನೇರ ಲಂಬವಾಗಿ ಎಷ್ಟು ಎತ್ತರ ಎಂಬುದೊಂದೇ ಲೆಕ್ಕ. ಪೈಪ್ ಸುತ್ತಿಬಳಸಿ ಬಂದರೂ, ಓರೆಯಾಗಿ ಬಂದರೂ ಆ ಎತ್ತರ ಬದಲಾಗುವುದಿಲ್ಲ.

ನೆನಪಿನಲ್ಲಿಡಲು ಸುಲಭವಾದ ಅಂಕಿ: 10 ಸೆಂ.ಮೀ. ಎತ್ತರಕ್ಕೆ ಸುಮಾರು 0.1 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಒತ್ತಡದ ಅಳತೆ). ಒಂದು ಮೀಟರಿಗೆ ಸುಮಾರು 7 ಕಿಲೋಪಾಸ್ಕಲ್, ಅಂದರೆ 1 ಪಿಎಸ್‌ಐಗಿಂತ ಕೂದಲೆಳೆಯಷ್ಟು ಹೆಚ್ಚು. ನಿಮ್ಮ 45 ಲೀಟರಿನ ಟ್ಯಾಂಕನ್ನು ರೆಕ್ಕೆಯ ಉದ್ದಕ್ಕೆ ಬೆಳೆಸಿದರೆ ಒತ್ತಡ ಒಂದಿಷ್ಟೂ ಬದಲಾಗದು. ಟ್ಯಾಂಕಿನ ದಪ್ಪವನ್ನು 5 ಸೆಂ.ಮೀ. ಹೆಚ್ಚಿಸಿದರೆ ತುಂಬಿದಾಗ ಮಾತ್ರ 0.05 ಪಿಎಸ್‌ಐ ಹೆಚ್ಚು ಸಿಗುತ್ತದೆ, ಖಾಲಿಯಾಗುತ್ತ ಅದೂ ಹೋಗುತ್ತದೆ.

ನೀವು ಯೋಚಿಸಬೇಕಾದದ್ದು ಒತ್ತಡದ ಬಗ್ಗೆ ಅಲ್ಲ, ತೂಕದ ಬಗ್ಗೆ. ಹೆಚ್ಚುವರಿ 15 ಲೀಟರ್ ಎಂದರೆ ಒಂದೊಂದು ರೆಕ್ಕೆಯಲ್ಲಿ ಸುಮಾರು 11 ಕೆ.ಜಿ. ಅದನ್ನು ಸ್ಪಾರ್ (ರೆಕ್ಕೆಯ ಮುಖ್ಯ ತೊಲೆ) ಹೊರುತ್ತದೆಯೇ, ವಿಮಾನದ ತೂಕದ ಸಮತೋಲ ಎಲ್ಲಿಗೆ ಸರಿಯುತ್ತದೆ ಎಂದು ನಕ್ಷೆ ಬರೆದವರನ್ನು ಕೇಳದೆ ಟ್ಯಾಂಕ್ ದೊಡ್ಡದು ಮಾಡಬೇಡಿ.

ಪ್ರಶ್ನೆ: ಹಾಗಾದರೆ ಎಷ್ಟು ಎತ್ತರ ಇದ್ದರೆ ಪಂಪ್ ಇಲ್ಲದೆ ನಡೆಯುತ್ತದೆ? ನಮ್ಮ ವಿದ್ಯಾರ್ಥಿಗಳು ಮಾದರಿಯೊಂದನ್ನು ಜೋಡಿಸುತ್ತಿದ್ದಾರೆ, ಎಂಜಿನ್ ಯಾವುದೆಂದು ಇನ್ನೂ ತೀರ್ಮಾನವಾಗಿಲ್ಲ.
— ಡಿಪ್ಲೊಮಾ ಕಾಲೇಜಿನ ಉಪನ್ಯಾಸಕರು, ಧಾರವಾಡ

ಎಂಜಿನ್ ತೀರ್ಮಾನವಾಗದೆ ಈ ಪ್ರಶ್ನೆಗೆ ಉತ್ತರವಿಲ್ಲ ಸರ್. ಎತ್ತರ ಬೇಕಾಗುವುದು ಕಾರ್ಬುರೇಟರಿಗೆ. ಒಂದೊಂದರ ಬೇಡಿಕೆ ಒಂದೊಂದು ಥರ.

ಸಣ್ಣ ಲೈಕಮಿಂಗ್, ಕಾಂಟಿನೆಂಟಲ್ ಎಂಜಿನ್‌ಗಳ ಮೇಲೆ ಬರುವ ಮಾರ್ವೆಲ್-ಶೆಬ್ಲರ್ ಮಾದರಿಯ ಫ್ಲೋಟ್ ಕಾರ್ಬುರೇಟರಿಗೆ ಅರ್ಧ ಪಿಎಸ್‌ಐ ಸಾಕು. ಅಂದರೆ ಎಲ್ಲ ನಷ್ಟ ಕಳೆದ ಮೇಲೆ 50 ಸೆಂ.ಮೀ. ಉಳಿಯಬೇಕು. ರೆಕ್ಕೆ ಮೇಲಿರುವ ವಿಮಾನದಲ್ಲಿ ಇದು ಸಿಗುವ ಎತ್ತರ. ಪಂಪಿಲ್ಲದೆ ದಶಕಗಳಿಂದ ಹಾರುತ್ತಿರುವ ಸಣ್ಣ ವಿಮಾನಗಳ ಗುಟ್ಟು ಇದೇ.

ಕಾರ್ಬುರೇಟರಿನ ರೋಟ್ಯಾಕ್ಸ್ 912 ಆರಿಸಿದರೆ ಕಥೆಯೇ ಬೇರೆ. ಅದಕ್ಕೆ ಕನಿಷ್ಠ 0.15 ಬಾರ್ ಒತ್ತಡ ಬೇಕು, ಅಂದರೆ ಸುಮಾರು 2.2 ಪಿಎಸ್‌ಐ. ಬರೀ ಎತ್ತರದಿಂದ ಅಷ್ಟು ಪಡೆಯಲು ಪೆಟ್ರೋಲಿನ ಮಟ್ಟ ಕಾರ್ಬುರೇಟರಿಗಿಂತ 2.1 ಮೀಟರ್ ಮೇಲಿರಬೇಕು. ಎರಡು ಸೀಟಿನ ವಿಮಾನದಲ್ಲಿ ಅಷ್ಟು ಎತ್ತರದ ಜಾಗವೇ ಇರುವುದಿಲ್ಲ. ಹಾಗಾಗಿ ಅದರಲ್ಲಿ ಎಂಜಿನ್‌ಗೇ ಕೂಡಿಸಿದ ಪಂಪ್ ಇದೆ. ಜತೆಗೆ ಎಲೆಕ್ಟ್ರಿಕ್ ಪಂಪ್ ಒಂದನ್ನು ಇಟ್ಟುಕೊಳ್ಳುವುದು ವಾಡಿಕೆ. ಎಲೆಕ್ಟ್ರಾನಿಕ್ ಇಂಜೆಕ್ಷನ್ ಎಂಜಿನ್‌ಗೆ 3 ಬಾರ್ ಆಸುಪಾಸು ಬೇಕು. ಎತ್ತರದಲ್ಲಿ ಹೇಳುವುದಾದರೆ 42 ಮೀಟರ್! ಅಲ್ಲಿ ಟ್ಯಾಂಕಿನ ಎತ್ತರಕ್ಕೆ ಉಳಿಯುವ ಕೆಲಸ ಒಂದೇ, ಪಂಪಿನ ಬಾಯಿ ಒಣಗದಂತೆ ನೋಡಿಕೊಳ್ಳುವುದು.

ವಿದ್ಯಾರ್ಥಿಗಳಿಗೆ ಇನ್ನೊಂದು ವಿಷಯ ತೋರಿಸಿ. ಒಂದೇ ಕಂಪನಿಯ ಕಾರ್ಬುರೇಟರಿನಲ್ಲೂ ನೀಡಲ್ ವಾಲ್ವಿನ (ಪೆಟ್ರೋಲನ್ನು ಒಳಗೆ ಬಿಡುವ, ತಡೆಯುವ ಸೂಜಿಯ) ಸೀಟು ಎರಡು ಬಗೆಯದು ಇರುತ್ತದೆ: ಎತ್ತರದಿಂದ ಇಳಿಯುವ ಪೆಟ್ರೋಲಿಗೆ ದೊಡ್ಡ ರಂಧ್ರದ್ದು, ಪಂಪಿನ ಒತ್ತಡಕ್ಕೆ ಸಣ್ಣ ರಂಧ್ರದ್ದು. ಪಂಪಿದ್ದ ವಿಮಾನದಿಂದ ಬಿಚ್ಚಿದ ಹಳೆಯ ಕಾರ್ಬುರೇಟರನ್ನು ಪಂಪಿಲ್ಲದ ವಿಮಾನಕ್ಕೆ ಹಾಕಿದರೆ ಪೈಪ್, ಟ್ಯಾಂಕ್ ಎಲ್ಲ ಸರಿಯಿದ್ದೂ ಬೌಲ್ (ಕಾರ್ಬುರೇಟರಿನೊಳಗೆ ಪೆಟ್ರೋಲ್ ನಿಲ್ಲುವ ಬಟ್ಟಲು) ತುಂಬುವುದಿಲ್ಲ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ, ಬಿಚ್ಚಿ ನೋಡಬೇಕು.

ಪ್ರಶ್ನೆ: ಕಾಲು ಇಂಚಿನ ಅಲ್ಯೂಮಿನಿಯಂ ಪೈಪ್ ಹಾಕಿದ್ದೇನೆ. 3/8 ಇಂಚಿನದೇ ಬೇಕೆನ್ನುತ್ತಾರೆ. ಆದರೆ ಎರಡನ್ನೂ ಜೋಡಿಸಿ ನೋಡಿದೆ, ಕಾರ್ಬುರೇಟರಿನ ತುದಿಯಲ್ಲಿ ಒತ್ತಡ 0.7 ಪಿಎಸ್‌ಐ ಅಂತಲೇ ತೋರಿಸುತ್ತದೆ. ಮತ್ತೇಕೆ ಬದಲಿಸಬೇಕು?
— ಓದುಗರು, ಗದಗ

ನೀವು ಅಳೆದದ್ದು ನಿಂತ ಪೆಟ್ರೋಲಿನ ಒತ್ತಡ. ಪೆಟ್ರೋಲ್ ಹರಿಯದೆ ನಿಂತಿದ್ದಾಗ ದಾರದಷ್ಟು ತೆಳುವಾದ ಪೈಪಿನಲ್ಲೂ ತುದಿಗೆ ಪೂರ್ತಿ ಒತ್ತಡ ಬರುತ್ತದೆ. ಎಂಜಿನ್‌ಗೆ ಬೇಕಾದದ್ದು ಹರಿವು. ಹರಿಯಲು ಶುರುವಾದ ಕ್ಷಣದಿಂದ ಪೈಪಿನ ಗೋಡೆ, ತಿರುವು, ಕಾಕ್, ಫಿಲ್ಟರ್ ಎಲ್ಲವೂ ಆ ಎತ್ತರದಲ್ಲಿ ತಮ್ಮ ಪಾಲು ಕಿತ್ತುಕೊಳ್ಳುತ್ತವೆ.

ಎಷ್ಟು ಕಿತ್ತುಕೊಳ್ಳುತ್ತವೆ ನೋಡಿ. ಗಂಟೆಗೆ 42 ಲೀಟರ್ ಹರಿಸಬೇಕು ಎಂದುಕೊಳ್ಳಿ (ಈ ಅಂಕಿ ಎಲ್ಲಿಂದ ಬಂತು ಎಂದು ಮುಂದಿನ ಉತ್ತರದಲ್ಲಿದೆ). ಪೈಪಿನ ಗೋಡೆಯ ದಪ್ಪ 0.035 ಇಂಚು. 3/8 ಇಂಚಿನ ಪೈಪಿನ ಒಳವ್ಯಾಸ 7.7 ಮಿ.ಮೀ. ಉಳಿಯುತ್ತದೆ, ಪ್ರತಿ ಮೀಟರ್ ಉದ್ದಕ್ಕೆ ನಷ್ಟ ಸುಮಾರು 2 ಸೆಂ.ಮೀ. ಎತ್ತರ. ಕಾಲು ಇಂಚಿನದರ ಒಳವ್ಯಾಸ 4.6 ಮಿ.ಮೀ.; ಪ್ರತಿ ಮೀಟರಿಗೆ ನಷ್ಟ ಸುಮಾರು 20 ಸೆಂ.ಮೀ. ನಿಮ್ಮ 0.7 ಪಿಎಸ್‌ಐ ಎಂದರೆ ಸುಮಾರು 70 ಸೆಂ.ಮೀ. ಎತ್ತರ. ಎರಡೂವರೆ ಮೀಟರ್ ಪೈಪ್ ಇದ್ದರೆ ದೊಡ್ಡದು ಅದರಲ್ಲಿ 5 ಸೆಂ.ಮೀ. ತೆಗೆದುಕೊಳ್ಳುತ್ತದೆ, ಸಣ್ಣದು 50 ಸೆಂ.ಮೀ. ತೆಗೆದುಕೊಂಡು ನಿಮಗೆ 20 ಮಾತ್ರ ಬಿಡುತ್ತದೆ. ಫಿಲ್ಟರ್, ಎಲ್ಬೋಗಳ ಲೆಕ್ಕ ಇನ್ನೂ ಬಾಕಿ. ದಯವಿಟ್ಟು ಬದಲಿಸಿ.

ಬದಲಿಸುವಾಗ ಫಿಟ್ಟಿಂಗ್‌ಗಳ ಒಳರಂಧ್ರ ನೋಡಿ. ಹೊರಗೆ 3/8 ಎಂದು ಹೇಳಿ ಒಳಗೆ 5 ಮಿ.ಮೀ. ಕೊರೆದ ಕಾಕ್‌ಗಳು ಅಂಗಡಿಯಲ್ಲಿ ಧಾರಾಳವಾಗಿ ಸಿಗುತ್ತವೆ. ಡ್ರಿಲ್ ಬಿಟ್ಟಿನ ಹಿಂಬದಿಯ ಕಡ್ಡಿಯನ್ನು ತೂರಿಸಿ ಅಳೆದು ಕೊಳ್ಳಿ. ಇನ್ನು, ಪೈಪ್ ದಾರಿಯಲ್ಲಿ ಎಲ್ಲೂ ಮೇಲೆದ್ದು ಮತ್ತೆ ಇಳಿಯಬಾರದು. ಆ ಗೂನಿನಲ್ಲಿ ಗಾಳಿ ಸಿಕ್ಕಿಹಾಕಿಕೊಳ್ಳುತ್ತದೆ. ಇಷ್ಟು ಕಡಿಮೆ ಒತ್ತಡಕ್ಕೆ ಅದನ್ನು ತಳ್ಳಿ ಹೊರಹಾಕುವ ಶಕ್ತಿ ಇರುವುದಿಲ್ಲ. ಟ್ಯಾಂಕಿನಿಂದ ಗ್ಯಾಸ್ಕೊಲೇಟರಿನವರೆಗೆ (ನೀರು, ಕಸ ಹಿಡಿಯುವ ಬಟ್ಟಲಿನವರೆಗೆ) ಒಂದೇ ಇಳಿಜಾರು ಇರಲಿ.

ಮೀಟರಿನ ಬಗ್ಗೆಯೂ ಒಂದು ಮಾತು. 15 ಪಿಎಸ್‌ಐವರೆಗಿನ ಗೇಜಿನಲ್ಲಿ 0.7 ಓದುವುದು ಅಂದಾಜಿನ ಕೆಲಸ. ಗೇಜ್ ಕಾರ್ಬುರೇಟರಿಗಿಂತ 30 ಸೆಂ.ಮೀ. ಮೇಲೆ ಡ್ಯಾಶ್‌ಬೋರ್ಡಿನಲ್ಲಿದ್ದು, ಅದರ ಪೈಪಿನಲ್ಲಿ ಪೆಟ್ರೋಲ್ ತುಂಬಿದ್ದರೆ ಇದ್ದದ್ದಕ್ಕಿಂತ 0.3 ಕಡಿಮೆ ತೋರಿಸುತ್ತದೆ. ಸೆನ್ಸರನ್ನು ಕಾರ್ಬುರೇಟರಿನ ಮಟ್ಟದಲ್ಲೇ ಕೂಡಿಸಿ, ಅದರ ಕವಲಿಗೆ 1 ಮಿ.ಮೀ. ರಂಧ್ರದ ಫಿಟ್ಟಿಂಗ್ ಹಾಕಿ. ಸೆನ್ಸರಿನ ಪೈಪ್ ತುಂಡಾದರೂ ಪೆಟ್ರೋಲ್ ಸಣ್ಣಗೆ ಸೋರುತ್ತದೆಯೇ ಹೊರತು ಸುರಿಯುವುದಿಲ್ಲ.

ಪ್ರಶ್ನೆ: ಹರಿವು ಸಾಕೋ ಇಲ್ಲವೋ ಎಂದು ಹಾರುವ ಮೊದಲೇ ಖಚಿತ ಮಾಡಿಕೊಳ್ಳುವ ವಿಧಾನ ತಿಳಿಸಿ.
— ಓದುಗರು, ಹಾವೇರಿ

ಇಡೀ ವಿಷಯದಲ್ಲಿ ಅತಿ ಮುಖ್ಯವಾದ ಪ್ರಶ್ನೆ ಇದು. ಬೇಕಾಗುವ ಸಾಮಾನು: ಡಬ್ಬಿ, ತಕ್ಕಡಿ, ಗಡಿಯಾರ, ಕೋನ ಅಳೆಯುವ ಲೆವೆಲ್, ಗೌಂಡಿಗಳ ಲೆವೆಲ್ ಪೈಪ್.

ಮೊದಲು ಎಂಜಿನ್ ಎಷ್ಟು ಕುಡಿಯುತ್ತದೆ ಎಂಬ ಲೆಕ್ಕ. ಟೇಕಾಫ್ ವೇಳೆ, ಪೂರ್ತಿ ಥ್ರಾಟಲಿನಲ್ಲಿ, ಒಂದು ಹೆಚ್‌ಪಿಗೆ ಗಂಟೆಗೆ 0.25 ಕೆ.ಜಿ. ಎಂದು ಹಿಡಿಯಿರಿ. 80 ಹೆಚ್‌ಪಿ ಎಂಜಿನ್‌ಗೆ 20 ಕೆ.ಜಿ., ಅಂದರೆ ಸುಮಾರು 28 ಲೀಟರ್. ಪಂಪಿಲ್ಲದ ವ್ಯವಸ್ಥೆಯಲ್ಲಿ ಇದರ ಒಂದೂವರೆ ಪಟ್ಟು ಹರಿಯಬೇಕು, ಪಂಪಿದ್ದರೆ ಒಂದೂಕಾಲು ಪಟ್ಟು. ಕಾರ್ಖಾನೆಯಲ್ಲಿ ತಯಾರಾಗುವ ಸಣ್ಣ ವಿಮಾನಗಳಿಗೆ ಅಮೆರಿಕದ ನಿಯಮಾವಳಿ ಇಟ್ಟಿದ್ದ ಅಳತೆ ಅದು. ಸ್ವಂತವಾಗಿ ಕಟ್ಟುವವರೂ ಅದನ್ನೇ ಪಾಲಿಸುತ್ತಾರೆ, ಪಾಲಿಸಬೇಕು. 28ರ ಒಂದೂವರೆ ಪಟ್ಟು 42 ಲೀಟರ್. ಡಬ್ಬಿಯ ಲೆಕ್ಕದಲ್ಲಿ, 5 ಲೀಟರ್ ಸುಮಾರು 7 ನಿಮಿಷದೊಳಗೆ ಬೀಳಬೇಕು.

ಈಗ ವಿಮಾನವನ್ನು ಅದರ ಅತಿ ಕೆಟ್ಟ ಭಂಗಿಯಲ್ಲಿ ನಿಲ್ಲಿಸಿ. ಮೂತಿ ಎತ್ತಿ ಏರುವಾಗಿನ ಗರಿಷ್ಠ ಕೋನಕ್ಕೆ ಇನ್ನೆರಡು ಡಿಗ್ರಿ ಸೇರಿಸಿ. ಮುಂದಿನ ಚಕ್ರವಿರುವ ವಿಮಾನವಾದರೆ ಮುಂಭಾಗವನ್ನು ಗಟ್ಟಿ ಸ್ಟ್ಯಾಂಡಿನ ಮೇಲೆ ಏರಿಸಿ. ಬಾಲದ ಚಕ್ರವಿದ್ದರೆ ಬಾಲಕ್ಕೆ ಗುಂಡಿ ತೋಡುವುದೇ ಸುಲಭ. ಚಕ್ರಕ್ಕೆ ಅಡೆ ಕೊಡಿ, ಬಾಲವನ್ನು ಗೂಟಕ್ಕೆ ಕಟ್ಟಿ.

ಪೆಟ್ರೋಲ್ ಕನಿಷ್ಠ ಇರಬೇಕು. ಖಾಲಿ ಟ್ಯಾಂಕಿಗೆ ಒಂದೊಂದೇ ಲೀಟರ್ ಹಾಕುತ್ತ ಹೋಗಿ. ಯಾವಾಗ ತುದಿಯಲ್ಲಿ ಧಾರೆ ಕಡಿಯದೆ ಬರಲು ಶುರುವಾಯಿತೋ ಅಷ್ಟು ಪೆಟ್ರೋಲ್ ಆ ಭಂಗಿಯಲ್ಲಿ ಬಳಕೆಗೆ ಬಾರದ್ದು. ಬರೆದಿಟ್ಟುಕೊಳ್ಳಿ. ಆ ಮಟ್ಟದಲ್ಲೇ, ಹರಿದು ಹೋದಷ್ಟನ್ನು ಮೇಲಿನಿಂದ ತುಂಬುತ್ತ ಪರೀಕ್ಷೆ ಮಾಡಿ. ಟ್ಯಾಂಕ್ ಭರ್ತಿ ಮಾಡಿ ಅಳೆದು ಪಾಸಾಯಿತು ಎನ್ನುವುದು ನಿಮಗೆ ನೀವೇ ಮಾಡಿಕೊಳ್ಳುವ ಮೋಸ.

ಕಾರ್ಬುರೇಟರಿನ ಇನ್‌ಲೆಟ್‌ನಲ್ಲಿ ಪೈಪ್ ಬಿಚ್ಚಿ. ಇಲ್ಲೇ ಹೆಚ್ಚಿನವರು ಎಡವುವುದು: ಬಿಚ್ಚಿದ ತುದಿಯನ್ನು ಕೆಳಗೆ ಡಬ್ಬಿಯೊಳಗೆ ಇಳಿಬಿಡುತ್ತಾರೆ. ತುದಿ 20 ಸೆಂ.ಮೀ. ಕೆಳಗಿಳಿದರೆ ಇಲ್ಲದ 20 ಸೆಂ.ಮೀ. ಎತ್ತರ ಪುಕ್ಕಟೆ ಸಿಕ್ಕಿಬಿಡುತ್ತದೆ, ಪಂಪಿಲ್ಲದ ವ್ಯವಸ್ಥೆಯಲ್ಲಿ ಅದು ಸಣ್ಣ ಮೊತ್ತವಲ್ಲ. ಪೈಪಿನ ಬಾಯಿ ಇನ್‌ಲೆಟ್ ಇದ್ದ ಮಟ್ಟದಲ್ಲೇ ತೆರೆದಿರಬೇಕು, ಅಲ್ಲಿಂದ ಧಾರೆ ಗಾಳಿಯಲ್ಲಿ ಡಬ್ಬಿಗೆ ಬೀಳಬೇಕು. ಮಟ್ಟ ಸರಿಯಿದೆಯೇ ಎಂದು ನೋಡಲು ಲೆವೆಲ್ ಪೈಪಿಗಿಂತ ಒಳ್ಳೆಯ ಸಾಧನವಿಲ್ಲ. ಟ್ಯಾಂಕಿನ ಔಟ್‌ಲೆಟ್‌ಗೂ ಇನ್‌ಲೆಟ್‌ಗೂ ನಡುವಿನ ಎತ್ತರವನ್ನೂ ಅದರಿಂದಲೇ ಅಳೆಯಿರಿ.

ಫಿಲ್ಟರ್, ಕಾಕ್, ಫ್ಲೋ ಮೀಟರ್ ಎಲ್ಲ ತಮ್ಮ ಜಾಗದಲ್ಲಿರಲಿ. ಟ್ಯಾಂಕಿನ ಮುಚ್ಚಳ ಹಾಕಿರಲಿ, ವೆಂಟ್ (ಟ್ಯಾಂಕಿಗೆ ಗಾಳಿ ಬರುವ ಕಂಡಿ) ಹಾರುವಾಗ ಇರುವಂತೆಯೇ ಇರಲಿ. ಮುಚ್ಚಳ ತೆಗೆದು ಅಳೆದರೆ ವೆಂಟ್ ಕಟ್ಟಿಕೊಂಡಿರುವುದು ಗೊತ್ತೇ ಆಗುವುದಿಲ್ಲ. ಮೇಲಿನಿಂದ ತುಂಬಲು ಮುಚ್ಚಳ ತೆಗೆದಾಗಲೆಲ್ಲ ಗಡಿಯಾರ ನಿಲ್ಲಿಸಿ, ಕಾಕ್ ಮುಚ್ಚಿ. ಮುಚ್ಚಳ ಹಾಕಿದಾಗ ಧಾರೆ ಮೆಲ್ಲಗೆ ಸಣ್ಣದಾಗುತ್ತ ಹೋಗಿ, ತೆಗೆದ ಕೂಡಲೇ ಜೋರಾದರೆ ಕಳ್ಳ ವೆಂಟಿನಲ್ಲೇ ಇದ್ದಾನೆ. ಕಣಜದ ಹುಳ ಮಣ್ಣಿನ ಗೂಡು ಕಟ್ಟಿದ ವೆಂಟ್ ಪೈಪ್ ನಮ್ಮ ಕಡೆ ಅಪರೂಪವಲ್ಲ. ಬಾಯಿಗೆ ಒರಟು ಜಾಲರಿ ಹಾಕಿ.

ಲೀಟರ್ ಗುರುತಿಗಿಂತ ತೂಕ ನಂಬಿಕಸ್ತ. 5 ಲೀಟರ್ ಎಂದರೆ 3.6 ಕೆ.ಜಿ. ಒಂದೊಂದು ಟ್ಯಾಂಕನ್ನು ಬೇರೆ ಬೇರೆಯಾಗಿ ಅಳೆದು, ಆಮೇಲೆ ಎರಡನ್ನೂ ಸೇರಿಸಿ ಅಳೆಯಿರಿ. ಕೊನೆಗೆ ಪೈಪನ್ನು ಮತ್ತೆ ಕಾರ್ಬುರೇಟರಿಗೆ ಜೋಡಿಸಿ, ಬೌಲಿನ ಕೆಳಗಿನ ಡ್ರೇನ್ ಪ್ಲಗ್ ಬಿಚ್ಚಿ ಅಲ್ಲಿಂದ ಬರುವುದನ್ನು ಅಳೆಯಿರಿ. ನೀಡಲ್ ವಾಲ್ವಿನ ರಂಧ್ರ ಸಾಕೇ ಎಂಬುದು ಇದರಿಂದ ಮಾತ್ರ ತಿಳಿಯುತ್ತದೆ.

ಹರಿವು ಕಡಿಮೆ ಬಂತೇ? ಇನ್‌ಲೆಟ್‌ನಿಂದ ಹಿಂದಕ್ಕೆ ಒಂದೊಂದೇ ಜೋಡಣೆ ಬಿಚ್ಚುತ್ತ ಹೋಗಿ: ಗ್ಯಾಸ್ಕೊಲೇಟರ್ ಹಿಂದೆ, ಕಾಕ್ ಹಿಂದೆ, ಟ್ಯಾಂಕಿನ ಔಟ್‌ಲೆಟ್‌ನಲ್ಲಿ. ಪ್ರತಿ ಸಲವೂ ತುದಿಯನ್ನು ಇನ್‌ಲೆಟ್ ಮಟ್ಟಕ್ಕೇ ಹಿಡಿಯಿರಿ. ಎಲ್ಲಿ ಧಾರೆ ಒಮ್ಮೆಲೇ ದಪ್ಪಗಾಯಿತೋ, ಆಗ ತಾನೇ ಬಿಚ್ಚಿದ ಎಂಜಿನ್ ಕಡೆಯ ಭಾಗದಲ್ಲೇ ತೊಂದರೆ. ಟ್ಯಾಂಕಿನೊಳಗೆ ಔಟ್‌ಲೆಟ್ ಬಾಯಲ್ಲಿರುವ ಬೆರಳಿನಾಕಾರದ ಜಾಲರಿಯನ್ನೂ ಮರೆಯಬೇಡಿ. ಇಂಚಿಗೆ 8ರಿಂದ 16 ಕಣ್ಣಿನ ಒರಟು ಜಾಲರಿ ಅಲ್ಲಿರಬೇಕು. ನುಣ್ಣನೆಯ ಬಟ್ಟೆಯಂಥ ಜಾಲರಿ ಹಾಕಿದರೆ ಕಸ ಕಟ್ಟಿ ಬಾಯಿ ಮುಚ್ಚುತ್ತದೆ.

ಎಲ್ಲವೂ ಬಯಲಲ್ಲಿ ನಡೆಯಲಿ. ಶೆಡ್ಡಿನೊಳಗೆ ಬೇಡ, ಬ್ಯಾಟರಿ ಕಳಚಿರಲಿ. ಲೋಹದ ಡಬ್ಬಿಯನ್ನೇ ಬಳಸಿ, ಡಬ್ಬಿ, ವಿಮಾನದ ಚೌಕಟ್ಟು, ಪೈಪಿನ ತುದಿ ಮೂರನ್ನೂ ತಂತಿಯಿಂದ ಕೂಡಿಸಿ ನೆಲಕ್ಕೆ ಅರ್ಥ್ ಕೊಡಿ. ಬೀಳುವ ಪೆಟ್ರೋಲ್ ಸ್ಥಿರ ವಿದ್ಯುತ್ ಹುಟ್ಟಿಸುತ್ತದೆ, ಪ್ಲಾಸ್ಟಿಕ್ ಬಕೆಟಿನಲ್ಲಿ ಅದಕ್ಕೆ ಹೋಗಲು ದಾರಿಯಿಲ್ಲ. ಪೌಡರ್ ತುಂಬಿದ ಅಗ್ನಿಶಾಮಕ ಕೈಗೆಟುಕುವಂತಿರಲಿ, ಅದನ್ನು ಹಿಡಿದು ನಿಲ್ಲಲು ಬೇರೆ ಕೆಲಸವಿಲ್ಲದ ಒಬ್ಬರಿರಲಿ. ಹಾಗೆಯೇ, ಈ ಪರೀಕ್ಷೆ ಪಾಸಾದದ್ದೇ ಹಾರಲು ಅಪ್ಪಣೆ ಎಂದುಕೊಳ್ಳಬೇಡಿ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ನೋಂದಣಿ ಮತ್ತು ಅನುಮತಿ ಇಲ್ಲದೆ ಯಾವ ವಿಮಾನವೂ ನೆಲ ಬಿಡುವಂತಿಲ್ಲ.

ಪ್ರಶ್ನೆ: ಬಾಲದ ಚಕ್ರದ ವಿಮಾನ, ಫೈರ್‌ವಾಲ್ (ಎಂಜಿನ್ ಹಿಂದಿನ ಬೆಂಕಿ ತಡೆಯುವ ಗೋಡೆ) ಹಿಂದೆ ಒಂದೇ ಟ್ಯಾಂಕ್. ಔಟ್‌ಲೆಟ್ ಕಾರ್ಬುರೇಟರಿಗಿಂತ 35 ಸೆಂ.ಮೀ. ಮೇಲಿದೆ, 90 ಸೆಂ.ಮೀ. ಹಿಂದಿದೆ. ಟ್ಯಾಂಕಿನ ಎತ್ತರ 30 ಸೆಂ.ಮೀ. ಇದನ್ನು ಕಟ್ಟುತ್ತಿರುವ ನನ್ನ ಅಣ್ಣ, ಪೂರ್ತಿ ಟ್ಯಾಂಕಿನಲ್ಲಿ ಎಂಜಿನ್ ಓಡಿಸಿ ನೋಡಿದ್ದೇನೆ, ಸಾಕು ಎನ್ನುತ್ತಾರೆ. ಸಾಕೇ?
— ಓದುಗರು, ರಾಣೆಬೆನ್ನೂರು

ಸಾಲದು. ನಿಮ್ಮ ಅಂಕಿಗಳನ್ನೇ ಇಟ್ಟು ನೋಡೋಣ. ಬಾಲ ಎತ್ತಿ ವಿಮಾನವನ್ನು ಮಟ್ಟವಾಗಿ ನಿಲ್ಲಿಸಿದಾಗ ಖಾಲಿಯಾಗುತ್ತ ಬಂದ ಟ್ಯಾಂಕಿನಿಂದಲೂ 35 ಸೆಂ.ಮೀ. ಸಿಗುತ್ತದೆ. ಮೂತಿ 15 ಡಿಗ್ರಿ ಎತ್ತಿದಾಗ ಮುಂದಿರುವ ಕಾರ್ಬುರೇಟರ್ ಹಿಂದಿರುವ ಟ್ಯಾಂಕಿಗೆ ಹೋಲಿಸಿದರೆ ಮೇಲೇರುತ್ತದೆ. 90 ಸೆಂ.ಮೀ. ದೂರಕ್ಕೆ 15 ಡಿಗ್ರಿಯ ಏರಿಕೆ 23 ಸೆಂ.ಮೀ. ಆ 35 ಕೂಡ ಓರೆಯಾಗಿ 34ಕ್ಕಿಳಿಯುತ್ತದೆ. ಉಳಿದದ್ದು ಕೇವಲ 11 ಸೆಂ.ಮೀ., ಅಂದರೆ 0.1 ಪಿಎಸ್‌ಐ. ಪೈಪ್, ಫಿಲ್ಟರ್ ತಮ್ಮ ಪಾಲು ತೆಗೆದುಕೊಂಡ ಮೇಲೆ ಏನೂ ಇಲ್ಲ. ಟ್ಯಾಂಕ್ ತುಂಬಿದ್ದರೆ ಇದಕ್ಕೆ 29 ಸೆಂ.ಮೀ. ಸೇರಿ 40 ಆಗುತ್ತದೆ, ಎಂಜಿನ್ ಓಡಿಬಿಡಬಹುದು. ಅಂದರೆ ಪೂರ್ತಿ ಟ್ಯಾಂಕಿನ ಓಟ ಕಾಲು ಟ್ಯಾಂಕಿನ ಬಗ್ಗೆ ಏನನ್ನೂ ಹೇಳುವುದಿಲ್ಲ.

ಟೇಕಾಫ್ ಓಟದಲ್ಲಿ ಇನ್ನೂ ಒಂದು ಹೊರೆ ಸೇರುತ್ತದೆ. ವಿಮಾನ ಮುಂದಕ್ಕೆ ವೇಗ ಪಡೆಯುವಾಗ ಪೆಟ್ರೋಲ್ ಹಿಂದಕ್ಕೆ ಒತ್ತುತ್ತದೆ. ಗುರುತ್ವದ ಐದನೇ ಒಂದು ಪಾಲಿನಷ್ಟು ವೇಗೋತ್ಕರ್ಷ ಇದ್ದರೂ ಅದು ಮೂತಿಯನ್ನು ಇನ್ನು 11 ಡಿಗ್ರಿ ಎತ್ತಿದ್ದಕ್ಕೆ ಸಮ. ಬಾಲ ನೆಲದಲ್ಲಿದ್ದು 12 ಡಿಗ್ರಿ ಓರೆಯಿರುವಾಗಲೇ ಇದೂ ಸೇರುತ್ತದೆ.

ಅಪಾಯವಿರುವುದು ಇಲ್ಲಿ: ಎಂಜಿನ್ ಕೂಡಲೇ ನಿಲ್ಲುವುದಿಲ್ಲ. ಬೌಲಿನಲ್ಲಿ 150 ಮಿ.ಲೀ. ಇದೆ ಎನ್ನಿ. ನಿಮಿಷಕ್ಕೆ 470 ಮಿ.ಲೀ. ಕುಡಿಯುವ ಎಂಜಿನ್‌ಗೆ 330 ಮಾತ್ರ ಬರುತ್ತಿದ್ದರೆ ಬೌಲ್ ಬರಿದಾಗಲು ಒಂದು ನಿಮಿಷ ಬೇಕು. ನೆಲದ ಮೇಲಿನ ಅರ್ಧ ನಿಮಿಷದ ಫುಲ್ ಥ್ರಾಟಲ್ ಪರೀಕ್ಷೆ ಪಾಸು. ಆಮೇಲೆ ಚಕ್ರ ನೆಲ ಬಿಟ್ಟು, ಇಳಿಯಲು ಮುಂದೆ ಜಾಗ ಉಳಿಯದ ಹೊತ್ತಿಗೆ ಎಂಜಿನ್ ಕೆಮ್ಮುತ್ತದೆ. ಪೈಲಟ್ ಮೂತಿ ಇಳಿಸಿದಾಗ ಪೆಟ್ರೋಲ್ ಮತ್ತೆ ಇಳಿದು ಎಂಜಿನ್ ಹಿಡಿದುಕೊಳ್ಳುವುದೂ ಉಂಟು, ಎಲ್ಲರಿಗೂ ಅಷ್ಟು ಎತ್ತರ ಉಳಿದಿರುವುದಿಲ್ಲ.

ಪರಿಹಾರ: ಈ ಅಂಕಿಗಳಿಗೆ ಪಂಪ್ ಬೇಕೇ ಬೇಕು ಎಂಬುದು ನಮ್ಮ ಅಭಿಪ್ರಾಯ. ಎಂಜಿನ್‌ನ ಯಾಂತ್ರಿಕ ಪಂಪ್ ಒಂದು, ಟ್ಯಾಂಕಿನ ಕೆಳಗೆ ಎಲೆಕ್ಟ್ರಿಕ್ ಪಂಪ್ ಇನ್ನೊಂದು. ನಿಂತ ಪಂಪಿನ ಮೂಲಕವೂ ಪೆಟ್ರೋಲ್ ಎಷ್ಟು ಹರಿಯುತ್ತದೆ ಎಂದು ಡಬ್ಬಿ ಪರೀಕ್ಷೆಯಲ್ಲಿ ಅಳೆದಿಡಿ. “ಅರ್ಧಕ್ಕಿಂತ ಕಡಿಮೆ ಇದ್ದರೆ ಹಾರಬೇಡಿ” ಎಂದು ಟ್ಯಾಂಕಿನ ಮೇಲೆ ಚೀಟಿ ಅಂಟಿಸಿ ಬಿಡುವುದು ಪರಿಹಾರವಲ್ಲ. ಅರ್ಧ ಟ್ಯಾಂಕಿನಲ್ಲಿ ಹಾರಿದವರೂ ಕಾಲು ಟ್ಯಾಂಕಿನಲ್ಲಿ ಇಳಿಯಲು ಬಂದು, ರನ್‌ವೇ ತಪ್ಪಿ ಮತ್ತೆ ಏರಬೇಕಾಗಬಹುದು.

ಪ್ರಶ್ನೆ: ಎರಡು ರೆಕ್ಕೆ ಟ್ಯಾಂಕ್, ಕಾಕ್ ಎರಡಕ್ಕೂ ತೆರೆದಿದ್ದರೂ ಎಡದ್ದು ಬೇಗ ಖಾಲಿ, ಬಲದ್ದು ನಿಧಾನ. ಪೈಪ್ ಎರಡೂ ಒಂದೇ ಉದ್ದ. ಯಾಕೆ?
— ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಎಡ ಟ್ಯಾಂಕಿನ ಮೇಲೆ ತುಸು ಹೆಚ್ಚು ಒತ್ತಡ ಬೀಳುತ್ತಿದೆ. ತುಸು ಎಂದರೆ ಎಷ್ಟು ಸಾಕು ಗೊತ್ತೇ? ಟ್ಯಾಂಕ್ 120 ಸೆಂ.ಮೀ. ಉದ್ದ, 40 ಸೆಂ.ಮೀ. ಅಗಲ ಇದ್ದರೆ 2 ಸೆಂ.ಮೀ. ಮಟ್ಟದಲ್ಲಿ ಸುಮಾರು 9.6 ಲೀಟರ್ ಇರುತ್ತದೆ. ಎಡ, ಬಲ ವೆಂಟ್‌ಗಳ ನಡುವೆ 2 ಸೆಂ.ಮೀ. ಪೆಟ್ರೋಲಿನಷ್ಟು, ಅಂದರೆ 0.02 ಪಿಎಸ್‌ಐ ವ್ಯತ್ಯಾಸ ಬಂದರೂ ಟ್ಯಾಂಕುಗಳಲ್ಲಿ ಹತ್ತಿರ ಹತ್ತಿರ 10 ಲೀಟರ್ ವ್ಯತ್ಯಾಸ ನಿಲ್ಲುತ್ತದೆ.

ಮುಂದಕ್ಕೆ ಬಾಯಿ ತೆರೆದ ವೆಂಟಿಗೆ ನುಗ್ಗುವ ಗಾಳಿ ನಮ್ಮ ಎತ್ತರದಲ್ಲಿ, 100 ಕಿ.ಮೀ. ವೇಗಕ್ಕೆ ಸುಮಾರು 6 ಸೆಂ.ಮೀ. ಪೆಟ್ರೋಲಿನಷ್ಟು ಒತ್ತಡ ಕೊಡುತ್ತದೆ, 180 ಕಿ.ಮೀ.ಗೆ ಸುಮಾರು 19 ಸೆಂ.ಮೀ. ಒಂದು ವೆಂಟ್ ಪೈಪ್ ನೇರ ಮುಂದಕ್ಕಿದ್ದು, ಇನ್ನೊಂದು ಸ್ವಲ್ಪ ಬಾಗಿದ್ದರೆ ವ್ಯತ್ಯಾಸ ಅಲ್ಲೇ ಬಂತು. ಮುಚ್ಚಳದಲ್ಲೇ ವೆಂಟ್ ಇದ್ದು ಅದನ್ನು ಹಿಂದುಮುಂದಾಗಿ ಹಾಕಿದರೆ ಗಾಳಿ ಒತ್ತುವ ಬದಲು ಹೀರುತ್ತದೆ, ಪೆಟ್ರೋಲ್ ಹೊರಗೂ ಚೆಲ್ಲಬಹುದು.

ಇನ್ನೊಂದು ಕಾರಣ ಹಾರಿಸುವ ಕೈಯಲ್ಲಿದೆ. ಎರಡು ಟ್ಯಾಂಕುಗಳ ನಡುವಿಗೆ 3 ಮೀಟರ್ ಅಂತರವಿದ್ದು ವಿಮಾನ ಒಂದೇ ಒಂದು ಡಿಗ್ರಿ ವಾಲಿ ಜಾರುತ್ತ ಹಾರಿದರೂ ಎತ್ತರದಲ್ಲಿ 5 ಸೆಂ.ಮೀ. ವ್ಯತ್ಯಾಸ. ಜಾರುವಿಕೆ ತೋರಿಸುವ ಮೀಟರಿನ ಬಾಲ್ ನಡುವಿಗಿದೆಯೇ ನೋಡಿ. (ಸರಿಯಾಗಿ ತಿರುಗುವಾಗ ಹೀಗಾಗುವುದಿಲ್ಲ, 60 ಡಿಗ್ರಿ ವಾಲಿಸಿ ತಿರುಗಿದರೂ ಒತ್ತಡ ಎರಡೂ ಕಡೆ ಒಂದೇ ಥರ ದ್ವಿಗುಣವಾಗುತ್ತದೆ.)

ಎರಡೂ ಟ್ಯಾಂಕುಗಳ ಮೇಲಿನ ಗಾಳಿಯ ಜಾಗವನ್ನು ಒಂದು ಪೈಪಿನಿಂದ ಕೂಡಿಸಿ, ಆ ಪೈಪಿಗೆ ವೆಂಟ್ ಕೊಡಿ. ಮುಚ್ಚಳದಲ್ಲಿ ಬೇರೆ ವೆಂಟ್ ಇಲ್ಲದಿದ್ದರೆ ಎರಡೂ ಕಡೆ ಒತ್ತಡ ಸಮನಾಗುತ್ತದೆ. ಕೂಡಿಸುವ ಪೈಪಿನಲ್ಲಿ ಪೆಟ್ರೋಲ್ ನಿಲ್ಲುವ ತಗ್ಗು ಇರದಂತೆ ನೋಡಿಕೊಳ್ಳಿ.

ಪ್ರಶ್ನೆ: ಹುಬ್ಬಳ್ಳಿ ಸಮುದ್ರಮಟ್ಟಕ್ಕಿಂತ ಎತ್ತರದಲ್ಲಿದೆ, ಬೇಸಿಗೆ ಬೇರೆ ಕಡಿದು. ಇದರಿಂದ ಟ್ಯಾಂಕಿನ ಎತ್ತರದ ಲೆಕ್ಕ ಬದಲಾಗುತ್ತದೆಯೇ?
— ಓದುಗರು, ನವಲಗುಂದ

ಎತ್ತರದ ಲೆಕ್ಕ ಬದಲಾಗುವುದಿಲ್ಲ. ವಾತಾವರಣದ ಒತ್ತಡ ಟ್ಯಾಂಕಿನ ಮೇಲೂ ಬೌಲಿನ ವೆಂಟಿನ ಮೇಲೂ ಒಂದೇ ಥರ ಬೀಳುವುದರಿಂದ ಒಂದಕ್ಕೊಂದು ಕಳೆದುಹೋಗುತ್ತದೆ. ಬದಲಾಗುವುದು ಪೆಟ್ರೋಲ್ ಆವಿಯಾಗುವ ಸ್ವಭಾವ. ಬಂಕಿನ ಪೆಟ್ರೋಲಿನ ಆವಿ ಒತ್ತಡ 38 ಡಿಗ್ರಿಯಲ್ಲಿ 60 ಕಿಲೋಪಾಸ್ಕಲ್ ಆಸುಪಾಸು, ವಿಮಾನದ ಪೆಟ್ರೋಲಿನದು 38ರಿಂದ 49ರೊಳಗೆ. ಏಪ್ರಿಲ್ ಮಧ್ಯಾಹ್ನ ಎಂಜಿನ್ ನಿಲ್ಲಿಸಿ ಹತ್ತು ನಿಮಿಷ ಬಿಟ್ಟರೆ ಕೌಲಿಂಗ್ (ಎಂಜಿನ್ ಹೊದಿಕೆ) ಒಳಗಿನ ಪೈಪ್ ಅದಕ್ಕಿಂತ ಎಷ್ಟೋ ಹೆಚ್ಚು ಕಾಯುತ್ತದೆ, ಒಳಗೆ ಗುಳ್ಳೆ ಏಳುತ್ತದೆ. ಟ್ಯಾಂಕಿನ ಎತ್ತರ ಕೊಡುವ 5 ಕಿಲೋಪಾಸ್ಕಲ್ ಆ ಗುಳ್ಳೆಯನ್ನು ಅದುಮಲಾರದು. ಎಕ್ಸಾಸ್ಟ್ ಹತ್ತಿರದ ಪೈಪಿಗೆ ಬೆಂಕಿ ತಡೆಯುವ ತೋಳು ಹಾಕಿ, ಗ್ಯಾಸ್ಕೊಲೇಟರಿಗೆ ತಂಪು ಗಾಳಿ ಬೀಳುವಂತೆ ಮಾಡಿ.

2023ರ ಫೆಬ್ರವರಿಯಿಂದ ಬಂಕುಗಳಿಗೆ ಬರತೊಡಗಿದ, ಶೇ 20 ಎಥೆನಾಲ್ ಬೆರೆತ ಪೆಟ್ರೋಲಿನ ಬಗ್ಗೆ ಹಲವರು ಕೇಳಿದ್ದಾರೆ. ಒತ್ತಡಕ್ಕೆ ಅದರಿಂದ ಬಾಧಕವಿಲ್ಲ. ಆದರೆ ಫೈಬರ್ ಟ್ಯಾಂಕಿನ ಕೆಲವು ರೆಸಿನ್‌ಗಳನ್ನು, ಹಳೆಯ ಸೀಲೆಂಟ್, ಕಾರ್ಕ್ ಫ್ಲೋಟ್‌ಗಳನ್ನು ಎಥೆನಾಲ್ ಮೆತ್ತಗೆ ಮಾಡುತ್ತದೆ. ಕಿತ್ತು ಬಂದ ಚೂರು ಜಾಲರಿಗೆ ಬಂದು ಕೂರುತ್ತದೆ. ಎಂಜಿನ್ ತಯಾರಕರು ಒಪ್ಪದ ಪೆಟ್ರೋಲ್ ಹಾಕಬೇಡಿ.

ಪ್ರಶ್ನೆ: ಅಲ್ಯೂಮಿನಿಯಂ ಟ್ಯಾಂಕ್ ರಿವೆಟ್ ಹೊಡೆದು ಮುಗಿಸಿದ್ದೇವೆ. ಪಂಕ್ಚರ್ ಅಂಗಡಿಯ ಕಂಪ್ರೆಸರಿನಿಂದ 5 ಪಿಎಸ್‌ಐ ಗಾಳಿ ಹಾಕಿ ಸೋರಿಕೆ ನೋಡಬಹುದೇ?
— ಓದುಗರು, ಲಕ್ಷ್ಮೇಶ್ವರ

ದಯವಿಟ್ಟು ಬೇಡ. ಮೇಲೆ ಹೇಳಿದ 120 x 40 ಸೆಂ.ಮೀ. ಟ್ಯಾಂಕಿನ ಒಂದು ಮುಖದ ಮೇಲೆ 1 ಪಿಎಸ್‌ಐ ಎಂದರೇ 330 ಕೆ.ಜಿ.ಗಿಂತ ಹೆಚ್ಚು ಭಾರ. 5 ಪಿಎಸ್‌ಐ ಎಂದರೆ ಒಂದೂವರೆ ಟನ್ನಿಗೂ ಮೇಲೆ. ತಗಡು ಉಬ್ಬಿ ಸೀಲೆಂಟ್ ಎಲ್ಲ ಬಿಟ್ಟುಕೊಳ್ಳುತ್ತದೆ, ಒಡೆದರೆ ಹತ್ತಿರ ನಿಂತವರಿಗೆ ಪೆಟ್ಟು.

ಪಾರದರ್ಶಕ ಪೈಪನ್ನು ಯು ಆಕಾರಕ್ಕೆ ಬಗ್ಗಿಸಿ ನೀರು ತುಂಬಿ ಟ್ಯಾಂಕಿಗೆ ಜೋಡಿಸಿ. ಸೈಕಲ್ ಪಂಪಿನಿಂದ ಮೆಲ್ಲಗೆ ಗಾಳಿ ಕೊಟ್ಟು, ಎರಡು ಕಡೆಯ ನೀರಿನ ಮಟ್ಟಕ್ಕೆ 35 ಸೆಂ.ಮೀ. ಅಂತರ ಬಂದಾಗ ನಿಲ್ಲಿಸಿ. ಅದು ಅರ್ಧ ಪಿಎಸ್‌ಐ. ಪೈಪಿನ ಹೊರಗಿನ ತೋಳು ಹೆಚ್ಚು ಎತ್ತರ ಇರದಿದ್ದರೆ ಕೈತಪ್ಪಿ ಗಾಳಿ ಹೆಚ್ಚಾದಾಗ ನೀರೇ ಹೊರಚಿಮ್ಮಿ ಟ್ಯಾಂಕನ್ನು ಉಳಿಸುತ್ತದೆ. ರಿವೆಟ್ ಸಾಲಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಹುಡುಕಿ.

ಹೀಗೇ ರಾತ್ರಿ ಬಿಟ್ಟು ಬೆಳಿಗ್ಗೆ ನೋಡೋಣ ಎನ್ನುವವರು ಗಮನಿಸಿ: ಮುಚ್ಚಿದ ಟ್ಯಾಂಕಿನ ಗಾಳಿ ಒಂದು ಡಿಗ್ರಿ ತಣ್ಣಗಾದರೆ ನೀರಿನ ಮಟ್ಟ ಸುಮಾರು 3 ಸೆಂ.ಮೀ. ಬದಲಾಗುತ್ತದೆ. ಸಂಜೆಗೂ ಬೆಳಿಗ್ಗೆಗೂ ಹತ್ತು ಡಿಗ್ರಿ ಇಳಿದರೆ ಸೋರದ ಟ್ಯಾಂಕಿನಲ್ಲೂ ಒತ್ತಡವೆಲ್ಲ ಮಾಯ. ನೆರಳಿನಲ್ಲಿ, ಅರ್ಧ ಗಂಟೆಯೊಳಗೆ ಮುಗಿಸಿ. ಬಿಸಿಲಿಗಂತೂ ಮುಚ್ಚಿದ ಟ್ಯಾಂಕ್ ಇಡಲೇಬೇಡಿ.

ಪ್ರಶ್ನೆ: ರೆಕ್ಕೆ ಕೆಳಗಿರುವ ವಿಮಾನದಲ್ಲೂ ಎರಡೂ ಟ್ಯಾಂಕಿಗೆ ಒಟ್ಟಿಗೆ ತೆರೆಯುವ ಕಾಕ್ ಹಾಕಬಹುದೇ?
— ಓದುಗರು, ಬ್ಯಾಡಗಿ

ಹಾಕಬಾರದು. ಅಲ್ಲಿ ಟ್ಯಾಂಕ್ ಎಂಜಿನ್‌ಗಿಂತ ಕೆಳಗಿರುತ್ತದೆ, ಪೆಟ್ರೋಲ್ ತಾನಾಗಿ ಇಳಿಯುವುದಿಲ್ಲ, ಪಂಪ್ ಹೀರಬೇಕು. ರೆಕ್ಕೆ ಮೇಲಿರುವ ವಿಮಾನದ ಟ್ಯಾಂಕುಗಳಲ್ಲಿ ಒಂದು ಖಾಲಿಯಾದರೆ ಇನ್ನೊಂದರ ಪೆಟ್ರೋಲ್ ಎತ್ತರದ ಬಲದಿಂದ ಇಳಿಯುತ್ತಲೇ ಇರುತ್ತದೆ. ಹೀರುವ ಪಂಪಿಗೆ ಖಾಲಿ ಟ್ಯಾಂಕಿನಿಂದ ಗಾಳಿ ಎಳೆಯುವುದು ತುಂಬಿದ ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವುದಕ್ಕಿಂತ ಸುಲಭ. ಇನ್ನೊಂದರಲ್ಲಿ 20 ಲೀಟರ್ ಇದ್ದರೂ ಎಂಜಿನ್ ನಿಲ್ಲುತ್ತದೆ. ಎಡ, ಬಲ, ಬಂದ್ ಎಂಬ ಮೂರು ಸ್ಥಾನದ ಕಾಕ್ ಹಾಕಿ. ಬಂದ್ ಸ್ಥಾನಕ್ಕೆ ಹೋಗಲು ಗುಬ್ಬಿ ಎತ್ತಬೇಕಾದಂಥದ್ದು ಸಿಕ್ಕರೆ ಅದನ್ನೇ ಕೊಳ್ಳಿ. ಟ್ಯಾಂಕ್ ಬದಲಿಸುವ ಭರದಲ್ಲಿ ಕೈತಪ್ಪಿ ಬಂದ್ ಆಗುವುದಿಲ್ಲ. ಎಲೆಕ್ಟ್ರಿಕ್ ಪಂಪನ್ನು ಫೈರ್‌ವಾಲಿಗೆ ಕೂಡಿಸದೆ ಕಾಕ್ ಹತ್ತಿರ, ಆದಷ್ಟು ಕೆಳಗೆ ಕೂಡಿಸಿ. ಪಂಪಿನ ಹಿಂದಿನ ಪೈಪಿನಲ್ಲಿ ಒತ್ತಡ ವಾತಾವರಣಕ್ಕಿಂತ ಕಡಿಮೆ ಇರುವುದರಿಂದ ಗುಳ್ಳೆ ಏಳುವುದೂ ಅಲ್ಲೇ, ಸಡಿಲ ಜೋಡಣೆಯಿಂದ ಗಾಳಿ ನುಗ್ಗುವುದೂ ಅಲ್ಲೇ. ಪೆಟ್ರೋಲ್ ಹೊರಗೆ ಸೋರದ ಕಾರಣ ಆ ಸಡಿಲ ಕಣ್ಣಿಗೆ ಕಾಣುವುದೂ ಇಲ್ಲ. ಆ ಭಾಗದ ಪ್ರತಿ ಫ್ಲೇರ್ ನಟ್ಟನ್ನು ಟಾರ್ಕ್ ರೆಂಚಿನಿಂದಲೇ ಬಿಗಿದು ಮೇಲೆ ಬಣ್ಣದ ಗೆರೆ ಎಳೆದಿಡಿ.